ಸ್ಟಾರ್ಟ್ ಆಗದ ಸ್ಕೂಟರ್: ಮೊದಲು ಕಿವಿ, ಆಮೇಲೆ ಸ್ಪ್ಯಾನರ್

2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗದ ಮೆಟ್ರೋ ಓಡಲು ಶುರುವಾದ ಮೇಲೆ ಜಯನಗರ, ಜೆ.ಪಿ. ನಗರ, ಬಿಟಿಎಂ ಲೇಔಟ್ ಕಡೆಯ ಎಷ್ಟೋ ಸ್ಕೂಟರ್‌ಗಳ ದಿನಚರಿಯೇ ಬದಲಾಯಿತು. ದಿನಾ ಸಿಲ್ಕ್ ಬೋರ್ಡ್ ದಾಟಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರುತ್ತಿದ್ದ ಗಾಡಿ ಈಗ ಮನೆಯಿಂದ ರಾಗಿಗುಡ್ಡ ಸ್ಟೇಷನ್‌ವರೆಗೆ ಹೋಗಿ ಸಂಜೆವರೆಗೂ ಬಿಸಿಲಲ್ಲೋ ಮಳೆಯಲ್ಲೋ ನಿಂತಿರುತ್ತದೆ. ಮನೆಯಿಂದಲೇ ಕೆಲಸ ಮಾಡುವವರದ್ದಾದರೆ ವಾರಕ್ಕೊಮ್ಮೆ ತರಕಾರಿ ತರಲು ಆಚೆ ಬಂದರೆ ಹೆಚ್ಚು. ಪೆಟ್ರೋಲ್ ಉಳಿಯಿತು, ಬೆನ್ನು ನೋವು ಕಮ್ಮಿಯಾಯಿತು, ನಿಜ. ಆದರೆ ಸಣ್ಣ ಎಂಜಿನ್ ಓಡಿ ಸವೆಯುವುದಕ್ಕಿಂತ ಬೇಗ ನಿಂತು ಕೆಡುತ್ತದೆ. ಬೆಳಗ್ಗೆ ಎಷ್ಟು ಒತ್ತಿದರೂ ಸ್ಟಾರ್ಟ್ ಆಗದ ಗಾಡಿಗಳ ಪೈಕಿ ಎಂಜಿನ್ನೇ ಹಾಳಾದದ್ದು ಅಪರೂಪ. ಸತ್ತ ಬ್ಯಾಟರಿ, ಹಳಸಿದ ಪೆಟ್ರೋಲ್, ಮಸಿ ಹಿಡಿದ ಪ್ಲಗ್ಗು ಈ ಮೂರರಲ್ಲೇ ಬಹುಪಾಲು ಮುಗಿದುಹೋಗುತ್ತದೆ. ಮೂರನ್ನೂ ಮನೆಯ ಮುಂದೆಯೇ ಪತ್ತೆಹಚ್ಚಬಹುದು.

ಪೆಟ್ರೋಲ್ ಎಂಜಿನ್ ಹತ್ತಿಕೊಳ್ಳಲು ಬೇಕಾದದ್ದು ಗಾಳಿ, ಪೆಟ್ರೋಲ್, ಸರಿಯಾದ ಹೊತ್ತಿಗೆ ಒಂದು ಕಿಡಿ, ಇವನ್ನೆಲ್ಲ ಅದುಮಿ ಹಿಡಿಯುವ ಕಂಪ್ರೆಷನ್. ಸ್ಟಾರ್ಟ್ ಆಗುತ್ತಿಲ್ಲ ಎಂದರೆ ಇವುಗಳಲ್ಲಿ ಒಂದು ಇಲ್ಲ, ಅಥವಾ ಇರಬೇಕಾದಷ್ಟಿಲ್ಲ. ಯಾವುದಿಲ್ಲ ಎಂದು ಗೊತ್ತಾಗುವ ಮೊದಲೇ ಸೆಲ್ಫ್ ಬಟನ್ನಿನ ಮೇಲೆ ಹೆಬ್ಬೆರಳಿಟ್ಟು ಕೂತರೆ, ಇದ್ದ ಒಂದು ತೊಂದರೆ ಎರಡಾಗುತ್ತದೆ: ಬ್ಯಾಟರಿ ಇಳಿಯುತ್ತದೆ, ಪ್ಲಗ್ಗು ಪೆಟ್ರೋಲಿನಲ್ಲಿ ನೆನೆಯುತ್ತದೆ. ಒಂದು ಸಲಕ್ಕೆ ಐದು ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ. ನಡುವೆ ಹತ್ತು ಸೆಕೆಂಡಾದರೂ ಬಿಡಿ. ಮೂರ್ನಾಲ್ಕು ಸಲಕ್ಕೂ ಆಗಲಿಲ್ಲವೆಂದರೆ ಇನ್ನು ಮೂವತ್ತು ಸಲ ಒತ್ತಿದರೂ ಆಗುವುದಿಲ್ಲ. ಇಳಿದು ನೋಡುವುದೇ ವಾಸಿ.

ಮೊದಲು ನೋಡಬೇಕಾದವು ಹೇಳಿಕೊಳ್ಳಲು ನಾಚಿಕೆಯಾಗುವಂಥವು. ಕಿಲ್ ಸ್ವಿಚ್ ಇರುವ ಗಾಡಿಯಾದರೆ ಪಾರ್ಕಿಂಗ್‌ನಲ್ಲಿ ಯಾವುದೋ ಮಗು ಅದನ್ನು ಒತ್ತಿರಬಹುದು. ಹೊಸ ಸ್ಕೂಟರ್‌ಗಳಲ್ಲಿ ಸೈಡ್ ಸ್ಟ್ಯಾಂಡ್ ಇಳಿದಿದ್ದರೆ ಎಂಜಿನ್ ಹತ್ತುವುದಿಲ್ಲ. ಸ್ಟ್ಯಾಂಡ್ ಮೇಲೆತ್ತಿದ್ದರೂ ಅದರ ಸ್ವಿಚ್ಚಿಗೆ ಕೆಸರು ಮೆತ್ತಿಕೊಂಡಿದ್ದರೆ ಗಾಡಿಯ ಪಾಲಿಗೆ ಅದು ಇನ್ನೂ ಇಳಿದೇ ಇದೆ. ಸ್ಕೂಟರಿನ ಸೆಲ್ಫ್ ಕೆಲಸ ಮಾಡಬೇಕಾದರೆ ಬ್ರೇಕ್ ಹಿಡಿದಿರಬೇಕು. ಎಡಗೈ ಬ್ರೇಕ್ ಹಿಡಿದಾಗ ಏನೂ ಆಗದಿದ್ದರೆ ಬಲಗೈ ಬ್ರೇಕ್ ಹಿಡಿದು ಒತ್ತಿ ನೋಡಿ. ಹಾಗೆ ಸ್ಟಾರ್ಟ್ ಆದರೆ ಕೆಟ್ಟಿರುವುದು ಎಡಗಡೆಯ ಬ್ರೇಕ್ ಸ್ವಿಚ್ಚು ಅಷ್ಟೆ. ಗಾಡಿ ಪಕ್ಕಕ್ಕೆ ಬಿದ್ದು ಎದ್ದಿದೆಯೇ? ಇಂಜೆಕ್ಷನ್ ಗಾಡಿಗಳಲ್ಲಿ ಬಿದ್ದೊಡನೆ ಎಂಜಿನ್ ನಿಲ್ಲಿಸುವ ಸೆನ್ಸರ್ ಇರುತ್ತದೆ. ನೆಟ್ಟಗೆ ನಿಲ್ಲಿಸಿ, ಕೀ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಸರಿಹೋಗುತ್ತದೆ. ಕೊನೆಗೆ, ಪೆಟ್ರೋಲ್ ಮೀಟರಿನ ಮುಳ್ಳನ್ನು ನಂಬಬೇಡಿ. ಟ್ಯಾಂಕಿನ ಮುಚ್ಚಳ ತೆಗೆದು ಗಾಡಿ ಅಲ್ಲಾಡಿಸಿ, ಕಣ್ಣಲ್ಲೇ ನೋಡಿ. ಮೊಬೈಲ್ ಟಾರ್ಚ್ ಸಾಕು. ಬೆಂಕಿಕಡ್ಡಿ ಗೀರಬಾರದೆಂದು ಬೇರೆ ಹೇಳಬೇಕಿಲ್ಲ ಅಂದುಕೊಳ್ಳುತ್ತೇನೆ.

ಇನ್ನು ಕಿವಿಯ ಕೆಲಸ. ಸೆಲ್ಫ್ ಒತ್ತಿದಾಗ ಬರೀ 'ಟಕ್ ಟಕ್' ಎಂದು ಸದ್ದಾಗಿ ಡ್ಯಾಶ್‌ಬೋರ್ಡಿನ ದೀಪ ಮಂಕಾದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಅದರ ಟರ್ಮಿನಲ್ ಸಡಿಲವಾಗಿದೆ. ಸದ್ದೇ ಇಲ್ಲ, ಹಾರ್ನೂ ಇಲ್ಲ ಎಂದರೆ ಫ್ಯೂಸ್ ನೋಡಿ. ಹೆಚ್ಚಿನ ಗಾಡಿಗಳಲ್ಲಿ ಬ್ಯಾಟರಿಯ ಪಕ್ಕದಲ್ಲೇ ಒಂದು ಫ್ಯೂಸ್ ಹೆಚ್ಚಿಗೆ ಇಟ್ಟಿರುತ್ತಾರೆ. ಎಂಜಿನ್ ಜೋರಾಗಿಯೇ ತಿರುಗುತ್ತಿದೆ, ಆದರೆ ಹತ್ತುತ್ತಿಲ್ಲ ಎಂದರೆ ಬ್ಯಾಟರಿಯ ತಪ್ಪಲ್ಲ. ಪೆಟ್ರೋಲೋ ಕಿಡಿಯೋ ಬರುತ್ತಿಲ್ಲ.

ಬ್ಯಾಟರಿ ಇಳಿಯುವುದು ಯಾಕೆ ಎಂಬುದಕ್ಕೆ ಉತ್ತರ ಮತ್ತೆ ಆ ಮೆಟ್ರೋ ಸ್ಟೇಷನ್ನಿನ ದಾರಿಯಲ್ಲೇ ಇದೆ. ಸ್ಕೂಟರಿನ ಬ್ಯಾಟರಿ ಸಣ್ಣದು, ಸಾಮಾನ್ಯವಾಗಿ 12 ವೋಲ್ಟಿನ, 3ರಿಂದ 5 ಆಂಪಿಯರ್-ಅವರ್‌ನದು. ಒಂದು ಸಲ ಸೆಲ್ಫ್ ಹೊಡೆದಾಗ ಖರ್ಚಾದದ್ದನ್ನು ತುಂಬಿಕೊಳ್ಳಲು ಎಂಜಿನ್ ಸ್ವಲ್ಪ ಹೊತ್ತು ವೇಗವಾಗಿ ತಿರುಗಬೇಕು. ಒಂದು ಕಿಲೋಮೀಟರ್ ಹೋಗಿ, ಅದರಲ್ಲೂ ಅರ್ಧ ಸಮಯ ಸಿಗ್ನಲ್ಲಿನಲ್ಲಿ ನಿಂತು, ಆಫ್ ಮಾಡಿದರೆ ಕೊಟ್ಟದ್ದಕ್ಕಿಂತ ತೆಗೆದದ್ದೇ ಹೆಚ್ಚು. 2017ರ ಏಪ್ರಿಲ್‌ನಿಂದ ಬಂದ ದ್ವಿಚಕ್ರ ವಾಹನಗಳಲ್ಲಿ ಹೆಡ್‌ಲೈಟ್ ಹಗಲೂ ಉರಿಯುತ್ತಲೇ ಇರಬೇಕೆಂಬ ನಿಯಮವಿದೆ. ಅದಕ್ಕೂ ಒಂದು ಪಾಲು ಹೋಗುತ್ತದೆ. ಮನೆಯಲ್ಲಿ ಮಲ್ಟಿಮೀಟರ್ ಇದ್ದರೆ ಗಾಡಿ ರಾತ್ರಿಯಿಡೀ ನಿಂತ ಮೇಲೆ ಅಳೆಯಿರಿ. 12.6 ವೋಲ್ಟ್ ಅಥವಾ ಅದಕ್ಕಿಂತ ಮೇಲಿದ್ದರೆ ತುಂಬಿದೆ, 12ಕ್ಕಿಂತ ಕೆಳಗಿದ್ದರೆ ಬರಿದಾಗಿದೆ. ಎಂಜಿನ್ ಹತ್ತಿಸಿ ಸ್ವಲ್ಪ ರೇಸ್ ಮಾಡಿದಾಗ 13.5ರಿಂದ 14.5ರ ನಡುವೆ ತೋರಿಸಬೇಕು. ತೋರಿಸದಿದ್ದರೆ ಹೊಸ ಬ್ಯಾಟರಿ ಹಾಕಿಸಿದರೂ ಅದು ಸಾಯುತ್ತದೆ, ಏಕೆಂದರೆ ಕೆಟ್ಟಿರುವುದು ಚಾರ್ಜಿಂಗ್. ಬ್ಯಾಟರಿ ಅಂಗಡಿಯವರು ಈ ಎರಡನೇ ಅಳತೆಯನ್ನು ತಾವಾಗಿ ಮಾಡುವುದು ಕಮ್ಮಿ. ಕೇಳಿ ಮಾಡಿಸಿಕೊಳ್ಳಿ.

ಹಳೆಯ ಕಾರ್ಬೊರೇಟರ್ ಗಾಡಿಗೆ ಬ್ಯಾಟರಿ ಸತ್ತರೂ ಕಿಕ್ ಇತ್ತು; ಅನೇಕ ಮಾಡೆಲ್‌ಗಳಲ್ಲಿ ಕಿಡಿಗೆ ಬೇಕಾದ ಕರೆಂಟನ್ನು ಮ್ಯಾಗ್ನೆಟ್ಟೇ ಕೊಡುತ್ತಿತ್ತು. 2020ರ ಏಪ್ರಿಲ್‌ನಿಂದ ಬಿಎಸ್6 ಬಂದ ಮೇಲೆ ಸ್ಕೂಟರ್‌ಗಳಿಗೂ ಫ್ಯುಯೆಲ್ ಇಂಜೆಕ್ಷನ್ ಬಂತು. ಪೆಟ್ರೋಲನ್ನು ಎಂಜಿನ್ನಿಗೆ ತಳ್ಳುವ ಪಂಪು, ಲೆಕ್ಕ ಹಾಕುವ ಇಸಿಯು ಎರಡಕ್ಕೂ ಕರೆಂಟು ಬೇಕು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಎಷ್ಟು ಕಿಕ್ ಹೊಡೆದರೂ ಕಾಲು ನೋವೇ ಲಾಭ. ಇಂಜೆಕ್ಷನ್ ಗಾಡಿಯಲ್ಲಿ ಒಂದು ಸುಲಭದ ಪರೀಕ್ಷೆ ಇದೆ: ರಸ್ತೆ ನಿಶ್ಶಬ್ದವಾಗಿರುವಾಗ ಕೀ ಆನ್ ಮಾಡಿ, ಸೆಲ್ಫ್ ಒತ್ತಬೇಡಿ. ಟ್ಯಾಂಕಿನ ಕಡೆಯಿಂದ ಎರಡು ಮೂರು ಸೆಕೆಂಡು 'ಸುಂಯ್' ಎಂಬ ಸಣ್ಣ ಸದ್ದು ಬಂದು ನಿಲ್ಲಬೇಕು. ಅದು ಪಂಪಿನ ಸದ್ದು. ಬರದಿದ್ದರೆ ಮೆಕ್ಯಾನಿಕ್ಕಿಗೆ ಹೇಳಬೇಕಾದ ಮೊದಲ ಮಾತು ಅದೇ. ಎಂಜಿನ್ ಚಿತ್ರದ ಹಳದಿ ದೀಪ ಆರದೆ ಉರಿಯುತ್ತಿದ್ದರೆ ಅದನ್ನೂ ಹೇಳಿ.

ಗೇರ್ ಬೈಕನ್ನು ಎರಡನೇ ಗೇರಿನಲ್ಲಿ ಹಾಕಿ, ಕ್ಲಚ್ ಹಿಡಿದು ತಳ್ಳಿ, ಓಟ ಬಂದಾಗ ಕ್ಲಚ್ ಬಿಟ್ಟು ಹತ್ತಿಸಬಹುದು. ಗೇರಿಲ್ಲದ ಸ್ಕೂಟರನ್ನು ಬನಶಂಕರಿ ದೇವಸ್ಥಾನದಿಂದ ಸಾರಕ್ಕಿವರೆಗೆ ತಳ್ಳಿದರೂ ಹತ್ತದು. ಅದರ ಕ್ಲಚ್ ಎಂಜಿನ್ ತಿರುಗಿದಾಗ ಮಾತ್ರ ಕಚ್ಚಿಕೊಳ್ಳುತ್ತದೆ. ಚಕ್ರ ತಿರುಗಿದರೆ ಎಂಜಿನ್ ತಿರುಗುವುದಿಲ್ಲ. ಹಿಂದಿನಿಂದ ಇನ್ನೊಬ್ಬರು ತಮ್ಮ ಗಾಡಿಯಲ್ಲಿ ಕೂತು, ನಿಮ್ಮ ಸೈಲೆನ್ಸರ್ ಹತ್ತಿರ ಕಾಲು ಕೊಟ್ಟು ನೂಕಿಕೊಂಡು ಬರುವುದನ್ನು ರಿಂಗ್ ರೋಡಿನಲ್ಲಿ ದಿನಾ ನೋಡುತ್ತೇವೆ. ಅದು ಗ್ಯಾರೇಜ್ ತಲುಪಿಸುತ್ತದೆ, ಸ್ಟಾರ್ಟ್ ಮಾಡುವುದಿಲ್ಲ. ಫ್ಲೈಓವರ್ ಮೇಲಂತೂ ಆ ಸಾಹಸ ಬೇಡವೇ ಬೇಡ.

ಬ್ಯಾಟರಿ ಚೆನ್ನಾಗಿದೆ ಎಂದಾದರೆ ಪೆಟ್ರೋಲಿನ ಕಡೆ ಬನ್ನಿ. ಈಗ ಬಂಕಿನಲ್ಲಿ ಸಿಗುವುದು ಬರೀ ಪೆಟ್ರೋಲಲ್ಲ. ಶೇಕಡಾ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟದ್ದು 2023ರ ಫೆಬ್ರುವರಿ 6ರಂದು, ನಮ್ಮ ಬೆಂಗಳೂರಿನಲ್ಲೇ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಸ್ವಲ್ಪ ನೀರಾದರೆ ಬೆರೆತು ಉರಿದುಹೋಗುತ್ತದೆ, ತೊಂದರೆಯಿಲ್ಲ. ಮಿತಿ ಮೀರಿತೆಂದರೆ ಎಥನಾಲೂ ನೀರೂ ಜೊತೆಗೂಡಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಕೂರುತ್ತವೆ. ಎಂಜಿನ್ ಪೆಟ್ರೋಲ್ ಎಳೆಯುವುದೂ ತಳದಿಂದಲೇ. ಬಯಲಲ್ಲಿ ನಿಂತ ಗಾಡಿಯ ಟ್ಯಾಂಕಿಗೆ ನೀರು ಹೋಗುವ ದಾರಿ ಮುಚ್ಚಳದ ಸುತ್ತಲಿನ ಗುಂಡಿ; ಅಲ್ಲಿ ಮಳೆನೀರು ಹರಿದುಹೋಗಲು ಸಣ್ಣ ತೂತು ಇರುತ್ತದೆ, ಅದು ಧೂಳಿನಿಂದ ಕಟ್ಟಿಕೊಂಡರೆ ನೀರು ಅಲ್ಲೇ ನಿಂತು ಮುಚ್ಚಳದ ವಾಷರ್ ಸಂದಿಯಿಂದ ಒಳಗೆ ಜಿನುಗುತ್ತದೆ. ಒಂದು ಸಣ್ಣ ತಂತಿ ಹಾಕಿ ಆ ತೂತು ಬಿಡಿಸಿ.

ಕಾರ್ಬೊರೇಟರ್ ಗಾಡಿಯಾದರೆ ಅದರ ಕೆಳಬಟ್ಟಲಿನ ಡ್ರೈನ್ ಸ್ಕ್ರೂವನ್ನು ಅರ್ಧ ಸುತ್ತು ಸಡಿಲಿಸಿ, ಬರುವುದನ್ನು ಗಾಜಿನ ಸೀಸೆಯಲ್ಲಿ ಹಿಡಿಯಿರಿ. ಎಂಜಿನ್ ತಣ್ಣಗಿರಲಿ, ಹತ್ತಿರ ಬೀಡಿ ಸಿಗರೇಟು ಇರದಿರಲಿ. ಸೀಸೆಯನ್ನು ಬೆಳಕಿಗೆ ಹಿಡಿದು ಐದು ನಿಮಿಷ ಬಿಡಿ. ತಳದಲ್ಲಿ ಬೇರೆಯೇ ಒಂದು ಪದರ, ಅಥವಾ ಅಲ್ಲಾಡಿಸಿದಾಗ ಉರುಳುವ ಹನಿಗಳು ಕಂಡರೆ ಅದು ನೀರು. ಕಂದು ಬಣ್ಣಕ್ಕೆ ತಿರುಗಿ ಬಣ್ಣದ ಅಂಗಡಿಯ ವಾಸನೆ ಬಂದರೆ ಪೆಟ್ರೋಲ್ ಹಳಸಿದೆ. ಏನೂ ಬರಲೇ ಇಲ್ಲವೆಂದರೆ ಕಾಕ್ ಮುಚ್ಚಿದೆ, ಪೈಪು ಕಟ್ಟಿದೆ ಅಥವಾ ಬಟ್ಟಲಿನೊಳಗಿನ ಫ್ಲೋಟ್ ಅಂಟಿಕೊಂಡಿದೆ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಪೆಟ್ರೋಲಿನ ತೆಳು ಭಾಗ ಆವಿಯಾಗಿ ಉಳಿದದ್ದು ಅಂಟಾಗುತ್ತದೆ. ಕಾರ್ಬೊರೇಟರಿನ ಸ್ಲೋ ಜೆಟ್ಟಿನ ತೂತು ಅರ್ಧ ಮಿಲಿಮೀಟರಿಗಿಂತ ಚಿಕ್ಕದು; ಅದು ಮುಚ್ಚಿಹೋಗಲು ಎಷ್ಟು ಅಂಟು ಬೇಕು? ಚೋಕ್ ಎಳೆದಾಗ ಮಾತ್ರ ಹತ್ತಿ, ಚೋಕ್ ಬಿಟ್ಟೊಡನೆ ಆರುವ ಗಾಡಿಯಲ್ಲಿ ಅನುಮಾನಿಸಬೇಕಾದದ್ದು ಈ ಜೆಟ್ಟನ್ನೇ. ಅದನ್ನು ಸ್ಪ್ರೇ ಮತ್ತು ಗಾಳಿಯಿಂದ ತೊಳೆಯಬೇಕು. ಸೂಜಿ ಹಾಕಿ ಚುಚ್ಚುವ ಮೆಕ್ಯಾನಿಕ್ಕನ್ನು ತಡೆಯಿರಿ. ತೂತು ದೊಡ್ಡದಾದರೆ ಆಮೇಲೆ ಗಾಡಿ ಪೆಟ್ರೋಲ್ ಕುಡಿಯುತ್ತಲೇ ಇರುತ್ತದೆ.

ಇಲ್ಲೊಂದು ಊರಿನ ವಿಶೇಷ ಹೇಳಬೇಕು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿ ಮಂಗಳೂರಿನದಕ್ಕಿಂತ ಹತ್ತಿರ ಹತ್ತಿರ ಶೇಕಡಾ 10ರಷ್ಟು ತೆಳು. ಕರಾವಳಿಯಲ್ಲಿ ಸರಿಯಾಗಿ ಟ್ಯೂನ್ ಮಾಡಿದ ಕಾರ್ಬೊರೇಟರ್ ಗಾಡಿಯನ್ನು ಇಲ್ಲಿಗೆ ತಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಸ್ವಲ್ಪ ಹೆಚ್ಚಾಗಿ, ಪ್ಲಗ್ಗು ಬೇಗ ಕಪ್ಪಾಗುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಇದಕ್ಕೆ ತದ್ವಿರುದ್ಧ. ಅದರಲ್ಲೇ ಆಮ್ಲಜನಕ ಇರುವುದರಿಂದ ಮಿಶ್ರಣ ತೆಳುವಾಗುತ್ತದೆ. ಹಳೆಯ ಗಾಡಿಯವರಿಗೆ ಒಂದು ಇನ್ನೊಂದನ್ನು ಒಂದಿಷ್ಟು ಸರಿದೂಗಿಸುತ್ತದೆ ಅನ್ನುವುದೇ ಸಮಾಧಾನ. ಆದರೆ ಡಿಸೆಂಬರ್, ಜನವರಿಯ ಬೆಳಗ್ಗೆ ಎಥನಾಲ್ ಬೇಗ ಆವಿಯಾಗುವುದಿಲ್ಲ. ಆಗ ಚೋಕ್ ಎಳೆಯಲು ಸಂಕೋಚ ಬೇಡ. ಅರ್ಧ ನಿಮಿಷದ ಮೇಲೆ ಮರೆಯದೆ ಬಿಟ್ಟರಾಯಿತು.

ಪ್ಲಗ್ಗನ್ನು ಬಿಚ್ಚಿ ನೋಡುವುದು ಪ್ರತಿಯೊಬ್ಬರೂ ಕಲಿಯಬೇಕಾದ ಕೆಲಸ. ಹಳೆಯ ಚೇತಕ್‌ನಂಥ ಗಾಡಿಗಳಿಗೆ 21 ಮಿಲಿಮೀಟರ್, ಈಗಿನ ಬಹಳಷ್ಟು ಸ್ಕೂಟರ್‌ಗಳಿಗೆ 16 ಮಿಲಿಮೀಟರ್ ಪ್ಲಗ್ ಪಾನಾ. ಟೂಲ್ ಕಿಟ್ಟಿನಲ್ಲೇ ಇರುತ್ತದೆ, ಡಿಕ್ಕಿಯ ಮೂಲೆಯಲ್ಲಿ ಹುಡುಕಿ. ಎಂಜಿನ್ ತಣ್ಣಗಿರುವಾಗ, ಪ್ಲಗ್ಗಿನ ಸುತ್ತಲ ಮಣ್ಣನ್ನು ಊದಿ ತೆಗೆದ ಮೇಲೆ, ಕ್ಯಾಪನ್ನು ಹಿಡಿದು ಎಳೆಯಿರಿ, ವೈರನ್ನಲ್ಲ. ಹೊರಬಂದ ಪ್ಲಗ್ಗಿನ ತುದಿ ತೆಳು ಕಂದು ಬಣ್ಣಕ್ಕಿದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು ಅಥವಾ ಗಾಳಿ ಕಮ್ಮಿ: ಏರ್ ಫಿಲ್ಟರ್ ನೋಡಿ, ಚೋಕ್ ಅಂಟಿಕೊಂಡಿದೆಯೇ ನೋಡಿ. ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ತಲುಪುತ್ತಿದೆ, ಕಿಡಿ ಇಲ್ಲ ಅಥವಾ ಪ್ಲಗ್ಗು ಮುಳುಗಿದೆ. ಎಷ್ಟು ಸೆಲ್ಫ್ ಹೊಡೆದರೂ ಪೂರ್ತಿ ಒಣಗಿಯೇ ಇದ್ದರೆ ಪೆಟ್ರೋಲೇ ತಲುಪಿಲ್ಲ. ಆಯಿಲ್ ಜಿಡ್ಡು ಇದ್ದರೆ ಮಾತ್ರ ಚಿಂತೆ; ಫೋರ್ ಸ್ಟ್ರೋಕ್ ಗಾಡಿಯಲ್ಲಿ ಅದು ರಿಂಗ್ ಅಥವಾ ವಾಲ್ವ್ ಸೀಲ್ ಸವೆದದ್ದರ ಗುರುತು.

ಕಿಡಿ ನೋಡುವ ರೀತಿ ಇದು. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿನ ಬರಿ ಲೋಹಕ್ಕೆ ಒತ್ತಿ ಇಡಿ, ಪ್ಲಗ್ ತೂತಿನಿಂದ ದೂರದಲ್ಲಿ. ಆ ತೂತಿನಿಂದ ಪೆಟ್ರೋಲ್ ಆವಿ ಬರುತ್ತಿರುತ್ತದೆ, ಕಿಡಿ ಅಲ್ಲೇ ಹಾರಿದರೆ ಬೆಂಕಿ. ಬರಿಗೈಯಲ್ಲಿ ಹಿಡಿಯಬೇಡಿ, ಸಾವಿರಾರು ವೋಲ್ಟಿನ ಏಟು ಬೀಳುತ್ತದೆ. ನೆರಳಿನಲ್ಲಿ ನಿಂತು ಇನ್ನೊಬ್ಬರಿಂದ ಕಿಕ್ ಹೊಡೆಸಿ. ನೀಲಿ ಬಿಳುಪಿನ ಕಿಡಿ ಟಪ್ ಟಪ್ಪೆಂದು ಸದ್ದು ಮಾಡಿದರೆ ಸರಿ. ಹಳದಿಯಾಗಿ ಸೊರಗಿದ್ದರೆ ಬಲವಿಲ್ಲ. ಏನೂ ಕಾಣದಿದ್ದರೆ ಮೊದಲು ಹೊಸ ಪ್ಲಗ್ಗು ಹಾಕಿ ನೋಡಿ. ಮಾಮೂಲಿ ಪ್ಲಗ್ಗು ಇನ್ನೂರು ರೂಪಾಯಿ ಒಳಗೆ ಬರುತ್ತದೆ, ಜೆ.ಸಿ. ರಸ್ತೆಯವರೆಗೆ ಹೋಗಬೇಕಿಲ್ಲ, ನಿಮ್ಮ ಬೀದಿಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೇ ಸಿಗುತ್ತದೆ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, ಅದೇ ನಂಬರಿನದು ತನ್ನಿ. ಗ್ಯಾಪ್ ಮಾಡೆಲ್ಲಿಗೆ ತಕ್ಕಂತೆ 0.6ರಿಂದ 0.9 ಮಿಲಿಮೀಟರ್ ಇರುತ್ತದೆ, ಕೈಪಿಡಿಯಲ್ಲಿ ಬರೆದಿರುತ್ತದೆ. ಮತ್ತೆ ಕೂರಿಸುವಾಗ ಮೊದಲ ನಾಲ್ಕೈದು ಸುತ್ತು ಬೆರಳಿನಲ್ಲೇ ತಿರುಗಿಸಿ. ಅಲ್ಯುಮಿನಿಯಂ ಹೆಡ್ಡಿನ ಮರೆ ಒಮ್ಮೆ ಹಾಳಾದರೆ ಇನ್ನೂರು ರೂಪಾಯಿಯ ಕೆಲಸ ಸಾವಿರಾರು ರೂಪಾಯಿಯದಾಗುತ್ತದೆ.

ಪ್ಲಗ್ಗು ಮುಳುಗಿದ್ದರೆ, ಅಂದರೆ ಗಾಡಿ ಓವರ್‌ಫ್ಲೋ ಆಗಿದ್ದರೆ, ಚೋಕ್ ಬಿಟ್ಟು ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಎಂಟು ಹತ್ತು ಕಿಕ್ ಹೊಡೆಯಿರಿ. ಹೆಚ್ಚಿನ ಪೆಟ್ರೋಲ್ ಹೊರಹೋಗುತ್ತದೆ. ಇಂಜೆಕ್ಷನ್ ಗಾಡಿಗಳಲ್ಲೂ ಅನೇಕ ಮಾಡೆಲ್‌ಗಳು ಹೀಗೆ ಪೂರ್ತಿ ತಿರುಗಿಸಿ ಸೆಲ್ಫ್ ಹೊಡೆದಾಗ ಪೆಟ್ರೋಲ್ ನಿಲ್ಲಿಸುತ್ತವೆ. ಮಾಮೂಲಿ ದಿನ ಮಾತ್ರ ಇಂಜೆಕ್ಷನ್ ಗಾಡಿಯ ಆಕ್ಸಿಲರೇಟರ್ ಮುಟ್ಟದೆಯೇ ಸ್ಟಾರ್ಟ್ ಮಾಡಬೇಕು. ಚೇತಕ್ ಕಾಲದವರಿಗೆ ಗಾಡಿಯನ್ನು ತಮ್ಮ ಕಡೆಗೆ ವಾಲಿಸಿ, ನಿಲ್ಲಿಸಿ, ಆಮೇಲೆ ಕಿಕ್ ಹೊಡೆಯುವ ಅಭ್ಯಾಸ ಇನ್ನೂ ಕೈಯಲ್ಲಿದೆ. ಅದು ಮೂಢನಂಬಿಕೆಯಲ್ಲ, ವಾಲಿಸಿದಾಗ ಬಟ್ಟಲಿನ ಪೆಟ್ರೋಲ್ ಉಕ್ಕಿ ಒಳಗೆ ಇಳಿಯುತ್ತಿತ್ತು, ಚೋಕ್ ಮಾಡುವ ಕೆಲಸವನ್ನೇ ಅದು ಮಾಡುತ್ತಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಗಳಲ್ಲೂ ಕಾರ್ಬೊರೇಟರ್ ಮೇಲಿನ ಗುಂಡಿ ಒತ್ತಿ ಪೆಟ್ರೋಲ್ ಒಸರುವವರೆಗೆ ಕಾಯುವ ಪದ್ಧತಿ ಇತ್ತು. ಈಗಿನ ಸ್ಕೂಟರನ್ನು ವಾಲಿಸಿದರೆ ಬೆನ್ನು ಹಿಡಿದುಕೊಳ್ಳುತ್ತದೆ, ಅಷ್ಟೆ.

ಮಳೆಗಾಲದ ಕಥೆಯೇ ಬೇರೆ. ಬರೀ ನೆನೆದ ಗಾಡಿಯಲ್ಲಿ ನೀರು ಪ್ಲಗ್ ಕ್ಯಾಪಿನೊಳಗೆ ಹೋಗಿರುತ್ತದೆ. ಬಿಚ್ಚಿ, ಒಣಬಟ್ಟೆಯಲ್ಲಿ ಒರೆಸಿ, ಊದಿ ಹಾಕಿದರೆ ಸಾಕು. ಮುಳುಗಿದ ಗಾಡಿ ಹಾಗಲ್ಲ. ಸಿಲ್ಕ್ ಬೋರ್ಡ್, ಬಿಟಿಎಂ ಎರಡನೇ ಹಂತದ ತಗ್ಗುಗಳಲ್ಲಿ ರಾತ್ರಿ ಮಳೆಗೆ ಬೇಸ್‌ಮೆಂಟ್ ತುಂಬಿ ಸ್ಕೂಟರ್ ಸೀಟಿನವರೆಗೆ ನೀರು ನಿಂತಿದ್ದರೆ ಅದನ್ನು ಸ್ಟಾರ್ಟ್ ಮಾಡಲು ಯತ್ನಿಸಲೇಬಾರದು. ನೀರು ಅದುಮಿಸಿಕೊಳ್ಳುವುದಿಲ್ಲ, ಸಿಲಿಂಡರಿನಲ್ಲಿ ನೀರಿದ್ದಾಗ ಪಿಸ್ಟನ್ ಮೇಲೆ ಬಂದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಕೀ ಹಾಕಬೇಡಿ, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ಆಯಿಲ್ ನೋಡಿ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಬೆರೆಸಿದ ಕಾಫಿಯ ಹಾಗೆ ಕಂಡರೆ ನೀರು ಹೋಗಿದೆ. ಪ್ಲಗ್ಗು ಬಿಚ್ಚಿ ನೀರು ಹೊರಹಾಕಿ, ಆಯಿಲ್, ಏರ್ ಫಿಲ್ಟರ್ ಎರಡೂ ಬದಲಾಯಿಸಿದ ಮೇಲೆಯೇ ಮುಂದಿನ ಮಾತು. ವಿಮೆ ಇದ್ದರೆ ಗ್ಯಾರೇಜಿಗೆ ಮುಟ್ಟಿಸುವ ಮೊದಲು ಫೋಟೋ ತೆಗೆದಿಡಿ. ಗಾಡಿ ಉಳಿಸಲು ತುಂಬಿದ ಬೇಸ್‌ಮೆಂಟಿಗೆ ಇಳಿಯುವುದಂತೂ ಬೇಡ. 2025ರ ಮೇ ತಿಂಗಳ ಮಳೆಯಲ್ಲಿ ಬಿಟಿಎಂ ಎರಡನೇ ಹಂತದ ಎನ್.ಎಸ್. ಪಾಳ್ಯದ ಅಪಾರ್ಟ್‌ಮೆಂಟೊಂದರಲ್ಲಿ ನೀರು ಹೊರಹಾಕುವಾಗ ಕರೆಂಟ್ ಹೊಡೆದು ಇಬ್ಬರು ತೀರಿಕೊಂಡರು, ಅವರಲ್ಲಿ ಒಬ್ಬ ಹುಡುಗ. ನೀರೆತ್ತಲು ಪೆಟ್ರೋಲ್ ಪಂಪ್‌ಸೆಟ್ ತಂದರೂ ಅದನ್ನು ಮೇಲೆ ಬಯಲಲ್ಲಿಟ್ಟು ಪೈಪು ಮಾತ್ರ ಕೆಳಗಿಳಿಸಿ. ಮುಚ್ಚಿದ ಜಾಗದಲ್ಲಿ ಎಂಜಿನ್ನಿನ ಹೊಗೆ ವಾಸನೆ ಗೊತ್ತಾಗುವ ಮೊದಲೇ ಕೊಲ್ಲಬಲ್ಲದು.

ಇಲಿಗಳನ್ನು ಮರೆಯುವಂತಿಲ್ಲ. ನಿಂತ ಗಾಡಿಯ ಏರ್ ಫಿಲ್ಟರ್ ಡಬ್ಬಿಯಲ್ಲಿ ಗೂಡು ಕಟ್ಟುತ್ತವೆ, ವೈರು ಕಡಿಯುತ್ತವೆ. ಡಿಕ್ಕಿಯಲ್ಲಿ ಹಿಕ್ಕೆ ಕಂಡರೆ ಪ್ಲಗ್ಗಿಗಿಂತ ಮೊದಲು ವೈರುಗಳನ್ನು ನೋಡಿ.

ಇಷ್ಟೆಲ್ಲ ಸರಿಯಿದ್ದೂ ಹತ್ತದಿದ್ದರೆ ಕಿಕ್ಕನ್ನು ಕೈಯಿಂದ ನಿಧಾನ ಒತ್ತಿ. ಒಂದು ಕಡೆ ಗಟ್ಟಿಯಾಗಿ ತಡೆಯಬೇಕು. ತಡೆಯೇ ಇಲ್ಲದೆ ಸಲೀಸಾಗಿ ಇಳಿದುಹೋದರೆ ಕಂಪ್ರೆಷನ್ ಇಲ್ಲ: ಟ್ಯಾಪೆಟ್ ಬಿಗಿಯಾಗಿರಬಹುದು, ವಾಲ್ವ್ ಸುಟ್ಟಿರಬಹುದು, ರಿಂಗ್ ಸವೆದಿರಬಹುದು. ಇದು ಗ್ಯಾರೇಜಿನ ಕೆಲಸ. ಆದರೂ ಬೋರ್ ಕೆಲಸಕ್ಕೆ ಒಪ್ಪುವ ಮೊದಲು "ಅಣ್ಣ, ಟ್ಯಾಪೆಟ್ ಸೆಟ್ಟಿಂಗ್ ಒಂದ್ಸಲ ನೋಡ್ಬಿಡಿ" ಅನ್ನಿ. ಮೆಕ್ಯಾನಿಕ್ಕಿಗೆ "ಸ್ಟಾರ್ಟ್ ಆಗ್ತಿಲ್ಲ" ಎಂದಷ್ಟೇ ಹೇಳಿದರೆ ಅವರು ಕಾರ್ಬೊರೇಟರಿನಿಂದ ಶುರು ಮಾಡುತ್ತಾರೆ, ಬಿಲ್ಲೂ ಅಲ್ಲಿಂದಲೇ ಶುರುವಾಗುತ್ತದೆ. "ಸೆಲ್ಫ್ ಚೆನ್ನಾಗಿ ತಿರುಗುತ್ತೆ, ಪ್ಲಗ್ಗು ಒಣಗಿದೆ, ಪಂಪಿನ ಸದ್ದು ಬರ್ತಿಲ್ಲ" ಎಂದರೆ ಅರ್ಧ ಕೆಲಸ ಮುಗಿದಂತೆ. ತಣ್ಣಗಿದ್ದಾಗ ಹತ್ತುವುದಿಲ್ಲವೋ, ಬಿಸಿಯಾದ ಮೇಲೆ ಆಫ್ ಮಾಡಿದರೆ ಹತ್ತುವುದಿಲ್ಲವೋ ಎಂಬುದನ್ನೂ ಹೇಳಿ; ಬಿಸಿಯಾದಾಗ ಮಾತ್ರ ಸತಾಯಿಸುವ ಗಾಡಿಯಲ್ಲಿ ಇಗ್ನಿಷನ್ ಕಾಯಿಲ್ ಮೇಲೆ ಅನುಮಾನ ಪಡಬೇಕಾಗುತ್ತದೆ.

ಅಂಗಡಿಗಳ ಸಣ್ಣ ಜನರೇಟರ್, ಪಾರ್ಕಿನ ಹುಲ್ಲು ಕತ್ತರಿಸುವ ಯಂತ್ರಗಳಿಗೂ ಇದೇ ಕ್ರಮ ಸಲ್ಲುತ್ತದೆ, ಎರಡು ಮಾತು ಹೆಚ್ಚಿಗೆ. ಅನೇಕ ಜನರೇಟರ್‌ಗಳಲ್ಲಿ ಆಯಿಲ್ ಕಮ್ಮಿಯಾದರೆ ಕಿಡಿಯನ್ನೇ ನಿಲ್ಲಿಸುವ ವ್ಯವಸ್ಥೆ ಇದೆ. ಹಗ್ಗ ಎಳೆದೆಳೆದು ತೋಳು ಸೋಲುವ ಮೊದಲು ಆಯಿಲ್ ನೋಡಿ, ಯಂತ್ರ ಸಮತಟ್ಟಾಗಿ ಕೂತಿದೆಯೇ ನೋಡಿ. ಟೂ ಸ್ಟ್ರೋಕ್ ಹುಲ್ಲಿನ ಯಂತ್ರಕ್ಕೆ ಆಯಿಲ್ ಬೆರೆಸಿದ ಪೆಟ್ರೋಲನ್ನು ಕಳೆದ ಮಳೆಗಾಲದಿಂದ ಕ್ಯಾನಿನಲ್ಲಿಟ್ಟಿದ್ದರೆ ಅದನ್ನು ಹಾಕಬೇಡಿ, ಹೊಸದಾಗಿ ಬೆರೆಸಿ.

ಜಯನಗರ, ಬನಶಂಕರಿಯ ಮನೆಗಳಲ್ಲಿ ಮೊಮ್ಮಕ್ಕಳನ್ನು ನೋಡಲು ಆರು ತಿಂಗಳು ಅಮೆರಿಕಕ್ಕೆ ಹೊರಡುವವರು ಬಹಳ. ಹೊರಡುವಾಗ ವಾಚ್‌ಮನ್ ಕೈಗೆ ಕೀ ಕೊಟ್ಟು "ವಾರಕ್ಕೊಂದ್ಸಲ ಐದು ನಿಮಿಷ ಸ್ಟಾರ್ಟ್ ಮಾಡಿಡಪ್ಪ" ಎನ್ನುತ್ತಾರೆ. ಐದು ನಿಮಿಷದಲ್ಲಿ ಬ್ಯಾಟರಿ ತುಂಬುವುದಿಲ್ಲ, ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ, ಸೈಲೆನ್ಸರಿನಲ್ಲೂ ಆಯಿಲಿನಲ್ಲೂ ನೀರಿನ ಪಸೆ ಮಾತ್ರ ಉಳಿಯುತ್ತದೆ. ಲೈಸೆನ್ಸ್ ಇರುವ ನಂಬಿಕೆಯ ಯಾರಾದರೂ ಹದಿನೈದು ದಿನಕ್ಕೊಮ್ಮೆ ಇಪ್ಪತ್ತು ನಿಮಿಷ ಓಡಿಸಿ ತರುವುದಾದರೆ ಕೀ ಕೊಡಿ. ಇಲ್ಲವಾದರೆ ಬ್ಯಾಟರಿ ಬಿಚ್ಚಿ ಒಳಗಿಡಿ, ಕಾರ್ಬೊರೇಟರ್ ಗಾಡಿಯಾದರೆ ಬಟ್ಟಲಿನ ಪೆಟ್ರೋಲ್ ಖಾಲಿ ಮಾಡಿ, ಚಕ್ರಗಳಿಗೆ ಗಾಳಿ ತುಂಬಿಸಿ ಸೆಂಟರ್ ಸ್ಟ್ಯಾಂಡ್ ಹಾಕಿ, ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿ. ಆ ಬಟ್ಟೆ ಇದೆ ಎಂದು ಒಂದು ಚೀಟಿ ಬರೆದು ಕೀಗೆ ಕಟ್ಟಿಡಿ.